ಅಮ್ಮನ ಮೇಲಿದ್ದ ಪ್ಯಾರಾ

ಆ ಮನೆಯಲ್ಲಿ ಇದ್ದವರು ಮೂವರು, ಮಾತು ಹೊರುವವಳು ಒಬ್ಬಳೇ. ಒಳಗಿನ ಕೋಣೆಯಲ್ಲಿ ಅಮ್ಮ, ಹೊರಗಿನ ಕೋಣೆಯಲ್ಲಿ ಅಣ್ಣ, ನಡುವಿನ ಬಾಗಿಲಲ್ಲಿ ತಂಗಿ.

"ಅವನಿಗೆ ಹೇಳು, ಕಿಟಕಿ ಹಾಕ್ಕೊಳ್ಳಲಿ, ಗಾಳಿ ತಣ್ಣಗಿದೆ" ಎಂದು ಅಮ್ಮ ಮಂಚದ ಮೇಲಿಂದ ಹೇಳುತ್ತಿದ್ದಳು. ನಾಲ್ಕು ಹೆಜ್ಜೆ ಆಚೆ ಕೂತ ಅಣ್ಣನಿಗೆ ಅದು ಅಕ್ಷರ ಬಿಡದೆ ಕೇಳಿಸಿರುತ್ತಿತ್ತು. ಆದರೂ ತಂಗಿ ಬಂದು "ಕಿಟಕಿ ಹಾಕ್ಕೋಬೇಕಂತೆ" ಎಂದ ಮೇಲೆಯೇ ಅವನು ಏಳುವುದು. ಎದ್ದು ಹಾಕಿ, "ಹಾಕಿದೆ ಅಂತ ಹೇಳು" ಎನ್ನುವುದು. ಕಿಟಕಿ ಬಡಿದ ಸದ್ದು ಅಮ್ಮನಿಗೂ ಕೇಳಿಸಿದೆ, ಅವಳೇನು ಕಿವುಡಿಯಲ್ಲ. ಆದರೂ ತಂಗಿ ಒಳಗೆ ಹೋಗಿ "ಹಾಕಿದನಂತೆ" ಎಂದು ಒಪ್ಪಿಸಿದರೇ ಆ ಕಿಟಕಿ ಹಾಕಿದ ಲೆಕ್ಕ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಆ ಮನೆಯಲ್ಲಿ ಒಂದು ವಾರ ಇದ್ದಿದ್ದರೆ ಬಂಗಾರವನ್ನು ಬೀದಿಗೆಸೆದು ಓಡಿಹೋಗುತ್ತಿದ್ದ.

ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿ, ಜಗಳಕ್ಕೆ ರಾಜಿ ಅಂತೊಂದು ಇರುತ್ತದೆ. ಇದು ಜಗಳವಲ್ಲ, ಚಿಕಿತ್ಸೆ.

ಅಣ್ಣನಿಗೆ ಹತ್ತೊಂಬತ್ತು ತುಂಬಿದ ವರ್ಷ ತಲೆ ಕೆಟ್ಟಿತು. ಗೋಡೆಯ ಆಚೆ ಯಾರೋ ಕೂತು ತನ್ನ ಯೋಚನೆಗಳನ್ನೆಲ್ಲ ಕದ್ದು ಕೇಳುತ್ತಿದ್ದಾರೆ ಎಂದು ಊಟ ಬಿಟ್ಟ, ನಿದ್ದೆ ಬಿಟ್ಟ, ಕಡೆಗೆ ಬಟ್ಟೆ ಬದಲಿಸುವುದನ್ನೂ ಬಿಟ್ಟ. ಆಗ ಅಜ್ಜಿ ಇನ್ನೂ ಇದ್ದಳು. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದಳು. ಅಪ್ಪ ಅದನ್ನು ಒಪ್ಪದೆ, ನರಗಳ ನಿಶ್ಶಕ್ತಿ ಎಂದು ಟಾನಿಕ್ ತಂದು ಕುಡಿಸಿದ. ಟಾನಿಕ್ಕಿಗೆ ಹುಡುಗನ ಕೆನ್ನೆ ತುಂಬಿತೇ ಹೊರತು ಗೋಡೆಯಾಚೆಯವರು ಜಾಗ ಖಾಲಿ ಮಾಡಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಹೊಸದಾಗಿ ಓದಿ ಬಂದಿದ್ದ ಡಾಕ್ಟರೊಬ್ಬರು, ಕಣ್ಣು, ನರ ಇವೆಲ್ಲ ಹಳೇ ಕಾಲದ ಮಾತು ಎಂದು ನಕ್ಕು, ಅಮ್ಮನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ಒಳಗೆ ನಡೆದದ್ದನ್ನು ಅಮ್ಮ ಯಾರಿಗೂ ಹೇಳಲಿಲ್ಲ. ಹದಿನಾಲ್ಕರ ಮಗಳಿಗೆ ಮಾತ್ರ ಹೇಳಿದಳು. ಅದೂ ಒಂದೇ ಸಲ, ಮಹಡಿಯ ಮೇಲೆ ಬಟ್ಟೆ ಹಿಂಡಿ ಹರವುತ್ತಾ, ಮುಖ ತೋರಿಸದೆ. "ಅವನಿಗೆ ಹೀಗಾಗಿದ್ದು ನನ್ನಿಂದಂತೆ ಪುಟ್ಟಿ. ನಾನು ಬಾಯಲ್ಲಿ ಬಾ ಅಂತೀನಂತೆ, ನನ್ನ ಮುಖ ಹೋಗು ಅನ್ನುತ್ತಂತೆ. ಯಾವುದನ್ನ ನಂಬಬೇಕು ಅಂತ ಗೊತ್ತಾಗದೆ ಮಗು ಒಳಗೇ ಎರಡು ಹೋಳಾಯಿತಂತೆ. ಸ್ವಲ್ಪ ಕಾಲ ಅವನ ಹತ್ತಿರ ಮಾತು ಬಿಡಿ, ಮುಟ್ಟಬೇಡಿ, ಅವನು ನೆಟ್ಟಗಾಗಲಿ, ಆಮೇಲೆ ನಾನೇ ಹೇಳ್ತೀನಿ ಅಂದ್ರು."

ಆಮೇಲೆ ಹೇಳಲು ಆ ಡಾಕ್ಟರು ಇರಲಿಲ್ಲ. ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಮಾತ್ರೆ ನಂಬುವವರು. ಮನಸ್ಸು ಅಂದರೆ ಮೆದುಳಿನ ರಸಗಳ ಏರುಪೇರು, ಅಷ್ಟೇ ಎಂದು ಚೀಟಿ ಬರೆದುಕೊಟ್ಟರು. ಮಾತ್ರೆ ಹಿಡಿಯಿತು, ಅಣ್ಣ ಮನೆಗೆ ಬಂದ. ಮನೆಯಲ್ಲಿ ಯಾರು ಯಾರ ಹತ್ತಿರ ಮಾತಾಡುತ್ತಾರೆ ಎಂದು ಕೇಳುವುದು ಈ ಡಾಕ್ಟರ ಪದ್ಧತಿಯಲ್ಲಿ ಇರಲಿಲ್ಲ. ಅಮ್ಮನೋ, ಹೇಳಿದ ಮಾತು ಮೀರುವವಳಲ್ಲ. ಬಾಯಿಗೆ ಬೀಗ ಹಾಕಿಕೊಂಡವಳು ಬೀಗದ ಕೈ ತರುವವರಿಗಾಗಿ ಕಾಯುತ್ತಲೇ ಉಳಿದಳು. ಅಜ್ಜಿ ಹೋದಳು, ಅಪ್ಪ ಹೋದ. ತಂಗಿಗೆ ಒಂದೆರಡು ಗಂಡುಗಳು ಬಂದು ಹೋದವು. ನಾನು ಹೋದರೆ ಇವರಿಬ್ಬರ ನಡುವೆ ಮಾತು ಯಾರು ಸಾಗಿಸುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಗಂಡುಗಳಿಗೆ ಬೇರೆ ಕಡೆ ಮದುವೆಯಾಯಿತು. ಈಗ ಅವಳಿಗೆ ಐವತ್ತು ದಾಟಿದೆ, ಮಂಡಿ ನೋವು. ಅಮ್ಮನ ಹೃದಯ ಊದಿಕೊಂಡಿದೆ, ಈ ಚಳಿಗಾಲ ದಾಟಿದರೆ ದೊಡ್ಡದು ಎಂದು ಹೃದಯದ ಡಾಕ್ಟರು ಹೇಳಿಯಾಗಿದೆ.

ತಂಗಿಗಿದ್ದ ಆಸೆ ಒಂದೇ. ಅಮ್ಮ ಕಣ್ಣು ಮುಚ್ಚುವ ಮೊದಲು ಇವರಿಬ್ಬರೂ ನೇರವಾಗಿ ಒಂದು ಮಾತಾಡಲಿ. ಅದರಲ್ಲಿ ಪ್ರೀತಿ ಎಷ್ಟಿತ್ತೋ ಸುಸ್ತೂ ಅಷ್ಟೇ ಇತ್ತು ಎಂದರೆ ತಪ್ಪಾಗಲಾರದು.

ಅವಳ ಕೆಲಸ ಒಂದು ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ, ಕರಡು ತಿದ್ದುವುದು. ಮೆಷಿನ್ನಿನವರು ಅವಳನ್ನು ಕರಡಮ್ಮ ಎನ್ನುತ್ತಿದ್ದರು, ಅವಳ ಬೆನ್ನ ಹಿಂದೆ ಕರಡಿ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು, "ಅಕ್ಷರ ನೋಡಮ್ಮ, ಅರ್ಥ ನೋಡಬೇಡ. ಅರ್ಥ ನೋಡೋಕೆ ಹೋದ್ರೆ ಅಕ್ಷರ ತಪ್ಪಿಸಿಕೊಂಡು ಹೋಗುತ್ತೆ." ಅವಳು ಅದನ್ನು ಹಾಗೇ ಪಾಲಿಸಿದಳು. ಹೇಳಿದ ಮಾತು ಮೀರದಿರುವುದು ಆ ಮನೆಯ ರಕ್ತದಲ್ಲೇ ಇತ್ತು.

ಪ್ರೆಸ್ಸಿನ ಹಳೆಯ ಗಿರಾಕಿ ಒಂದು ಪುಸ್ತಕ, ನರ್ಸಿಂಗ್ ಓದುವವರಿಗೆ ಮನಸ್ಸಿನ ಕಾಯಿಲೆಗಳ ಬಗ್ಗೆ. ಕೆಲವು ವರ್ಷಕ್ಕೊಮ್ಮೆ ಅದು ಹೊಸ ಮುದ್ರಣಕ್ಕೆ ಬರುತ್ತಿತ್ತು. ಬರೆದ ಪ್ರೊಫೆಸರು ಹಳೆಯ ಪ್ರತಿಯ ಮೇಲೇ ಗೀಚಿ ಕೊಡುವುದು, ಗೀಚದ್ದು ಹಾಗೇ ಉಳಿಯುವುದು. ಹೀಗಾಗಿ ಆ ಪುಸ್ತಕ ತೇಪೆ ಮೇಲೆ ತೇಪೆ ಬಿದ್ದ ಕಂಬಳಿಯಂತಾಗಿತ್ತು. ಒಂದು ಕಡೆ ಮನಸ್ಸು ಎಂದರೆ ಉಗಿ ತುಂಬಿದ ಪಾತ್ರೆ, ಒತ್ತಡ ಹೆಚ್ಚಿದರೆ ಮುಚ್ಚಳ ಹಾರುತ್ತದೆ. ಇನ್ನೊಂದು ಅಧ್ಯಾಯದಲ್ಲಿ ಮನಸ್ಸೇ ಇಲ್ಲ, ಇರುವುದೆಲ್ಲ ಅಭ್ಯಾಸ. ಮುಂದೆ ಹೋದರೆ ಮೆದುಳಿನ ರಸ, ಅದರ ಮುಂದೆ ಮನಸ್ಸು ಒಂದು ಕಂಪ್ಯೂಟರು. ಒಂದು ಅಧ್ಯಾಯ ಇನ್ನೊಂದನ್ನು ಮಾತಾಡಿಸುತ್ತಿರಲಿಲ್ಲ, ಅವಳ ಮನೆಯವರ ಹಾಗೆ. ಅಲ್ಲೇ ನಡುವೆ, ಅಣ್ಣನಿಗಿದ್ದಂಥ ಕಾಯಿಲೆಯ ಬಗ್ಗೆ ಒಂದು ಪ್ಯಾರಾ ಇತ್ತು: ಈ ಕಾಯಿಲೆಗೆ ಮೂಲ ಕಾರಣ ತಾಯಿಯ ಶೀತಲ ಸ್ವಭಾವ ಹಾಗೂ ಇಬ್ಬಗೆಯ ಮಾತು. ಆ ಪ್ಯಾರಾದ ಕಾಮಾಗಳನ್ನು ಅವಳು ಪ್ರತಿ ಮುದ್ರಣದಲ್ಲೂ ಸರಿಮಾಡಿದ್ದಳು. ಅಚ್ಚಾದದ್ದು ಸುಳ್ಳಿರುತ್ತದೆಯೇ ಎಂದುಕೊಂಡು ಮುಂದಿನ ಪುಟ ತಿರುಗಿಸುತ್ತಿದ್ದಳು.

ಈ ಸಲ ಪ್ರತಿ ಬಂದಾಗ ಆ ಪ್ಯಾರಾದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ಪ್ರೊಫೆಸರ ಕೈಬರಹ, "ತೆಗೆಯಿರಿ."

ಅವಳು ಪೆನ್ನು ಕೆಳಗಿಟ್ಟಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಪ್ರೆಸ್ಸಿನ ಯಜಮಾನರು ಬಂದು "ಏನಮ್ಮ, ಪುಟ ಮುಂದಕ್ಕೇ ಹೋಗ್ತಿಲ್ಲ" ಎಂದರು. ಆಮೇಲೆ ತಾವೇ ಇಣುಕಿ ನೋಡಿ, "ಓಹೋ, ಇಲ್ಲಿ ತೂತು ಬಿತ್ತಾ? ಪ್ರೊಫೆಸರ್ ನಾಳೆ ಬರ್ತಾರೆ. ಅಷ್ಟೇ ಉದ್ದದ್ದು ಇನ್ನೇನಾದ್ರೂ ಬರೆದುಕೊಡಿ ಅಂತ ಕೇಳು, ಇಲ್ಲದಿದ್ರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ" ಎಂದು ಹೇಳಿ ಹೋದರು. ತನ್ನ ಮನೆಯನ್ನು ಇಷ್ಟು ವರ್ಷ ಆಳಿದ್ದು ಒಂದು ತೂತಿನ ಉದ್ದವಿತ್ತು ಎಂದು ಅವಳಿಗೆ ಗೊತ್ತಾದದ್ದು ಆವತ್ತೇ.

ಮರುದಿನ ಪ್ರೊಫೆಸರು ಕೋಲೂರಿಕೊಂಡು ಬಂದರು. ಒಳ್ಳೆಯ ಮನುಷ್ಯ, ಬಹಳ ಮುದುಕ. ಅವಳ ಮೇಜಿನ ಎದುರು ಕೂತು ಏದುಸಿರು ಇಳಿಸಿಕೊಂಡರು. ಅವಳು ಪುಟ ಮುಂದಿಟ್ಟು, ಎಂದೂ ಮಾಡದ ಕೆಲಸ ಮಾಡಿದಳು, ಅರ್ಥ ಕೇಳಿದಳು.

"ಇದನ್ನ ಯಾಕೆ ತೆಗೆದ್ರಿ ಸಾರ್?"

"ಅದು ಸುಳ್ಳಮ್ಮ. ತಾಯಂದಿರಿಗೂ ಆ ಕಾಯಿಲೆಗೂ ಸಂಬಂಧ ಇಲ್ಲ."

"ಯಾವಾಗ ಗೊತ್ತಾಯ್ತು?"

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಬಿದ್ದು ಹೋಗಿ ಬಹಳ ಕಾಲ ಆಯ್ತು. ನೀನು ಇಲ್ಲಿ ಕೆಲಸಕ್ಕೆ ಸೇರೋ ಹೊತ್ತಿಗೇ ಯಾರೂ ನಂಬ್ತಿರಲಿಲ್ಲ ಅನ್ಸುತ್ತೆ. ಪುಸ್ತಕದಿಂದ ತೆಗೆಯೋದು ಉಳಿದು ಹೋಗಿತ್ತು. ಪರೀಕ್ಷೆಗೆ ಬರ್ತಿರಲಿಲ್ಲ ನೋಡು, ಹಾಗಾಗಿ ಅದನ್ನ ಯಾರೂ ಓದ್ತಿರಲಿಲ್ಲ."

"ಆಗ ಡಾಕ್ಟರುಗಳು ಎಷ್ಟೋ ತಾಯಂದಿರಿಗೆ ಹೇಳಿರ್ತಾರಲ್ಲ ಸಾರ್. ಸುಳ್ಳು ಅಂತ ಗೊತ್ತಾದ ಮೇಲೆ ಅವರಿಗೆ ಯಾರು ಹೋಗಿ ಹೇಳಿದ್ರು?"

ಮುದುಕರು ಅವಳ ಮುಖ ನೋಡಿದರು. ಇದು ಪುಸ್ತಕದ ಪ್ರಶ್ನೆಯಲ್ಲ ಎಂದು ಅವರಿಗೆ ತಿಳಿಯಿತು. "ಯಾರೂ ಹೋಗಲ್ಲಮ್ಮ" ಎಂದರು. "ಹೊಸದು ಬಂದಾಗ ಹಳೇದನ್ನ ಕೈಬಿಡ್ತೀವಿ. ಅದನ್ನ ಯಾರ ಮನೇಲಿ ಇಟ್ಟು ಬಂದಿದ್ವಿ ಅಂತ ನೆನಪಿರಲ್ಲ." ಕನ್ನಡಕ ಮತ್ತೆ ಏರಿಸಿ, "ನಿಮ್ಮ ತಾಯೀನಾ? ನಾನು ಬಂದು ಹೇಳಲಾ?" ಎಂದು ಕೇಳಿದರು.

"ಬೇಡ ಸಾರ್. ಒಬ್ಬರು ಡಾಕ್ಟರು ಹೇಳಿದ್ದೇ ನಮಗೆ ಜನ್ಮಕ್ಕಾಗುವಷ್ಟಾಗಿದೆ" ಎಂದಳು. ಸಿಟ್ಟಿನಿಂದಲ್ಲ, ಸಿಟ್ಟು ಮಾಡಲು ಅವಳಲ್ಲಿ ತ್ರಾಣವಿರಲಿಲ್ಲ. ಪ್ರೊಫೆಸರು ತೂತಿನ ಅಳತೆಗೆ ನಿದ್ರೆಯ ಮಹತ್ವದ ಬಗ್ಗೆ ಏನೋ ಬರೆದುಕೊಟ್ಟು, ಬಾಗಿಲಲ್ಲಿ ಒಮ್ಮೆ ಹಿಂದಿರುಗಿ ನೋಡಿ ಹೋದರು.

ಸಂಜೆ ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು. ಬಹಳ ದಿನಗಳ ಮೇಲೆ ಎದೆ ಸ್ವಲ್ಪ ಹಗುರವಾಗಿತ್ತು. ಅಮ್ಮ ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ, ಎದ್ದು ಹೋಗಿ ಮಗನ ತಲೆ ಸವರುತ್ತಾಳೆ ಎಂದೆಲ್ಲ ಅವಳ ಲೆಕ್ಕಾಚಾರ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಬುದ್ಧಿ ಐವತ್ತಾದರೂ ಬಿಡುವುದಿಲ್ಲ.

ಅಣ್ಣ ಎಂದಿನಂತೆ ಹೊರಗಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನೊಂದನ್ನು ಬಿಚ್ಚಿ ಹರವಿಕೊಂಡಿದ್ದ. ಕೆಳಗಿನ ರಿಪೇರಿ ಅಂಗಡಿಯವನು ಕಳಿಸುವ ಮೆಷಿನ್ನುಗಳಿಗೆ ಎಣ್ಣೆ ಹಾಕಿ, ತಿಕ್ಕಿ, ಮತ್ತೆ ಜೋಡಿಸಿ ಕೊಡುವುದು ಅವನ ಕಸುಬು. ಕೋಣೆಯ ತುಂಬಾ ಎಣ್ಣೆಯ ವಾಸನೆ. ತಂಗಿ ಅವನನ್ನು ದಾಟಿ ಒಳಗೆ ಹೋಗಿ, ಮಂಚದ ಅಂಚಿಗೆ ಕೂತು, ಅಮ್ಮನ ಕೈ ಹಿಡಿದು ಎಲ್ಲ ಹೇಳಿದಳು. ದನಿ ತಗ್ಗಿಸಲಿಲ್ಲ. ಆ ಮನೆಯಲ್ಲಿ ದನಿ ತಗ್ಗಿಸಿ ಪ್ರಯೋಜನವೂ ಇರಲಿಲ್ಲ.

ಅಮ್ಮ ಸೂರು ನೋಡುತ್ತಾ ಕೇಳಿದಳು. "ಯಾವಾಗ ಗೊತ್ತಾಯ್ತಂತೆ?"

"ಈಚೆಗೆ" ಎಂದಳು ತಂಗಿ. ಅದಕ್ಕಿಂತ ಹೆಚ್ಚು ಹೇಳಲು ನಾಲಗೆ ಏಳಲಿಲ್ಲ.

ಅಮ್ಮ ಅಳಲಿಲ್ಲ. ಕೈ ಬಿಡಿಸಿಕೊಂಡು ಶಾಲು ಎಳೆದುಕೊಂಡಳು. "ಅವರು ಏನು ಬೇಕಾದ್ರೂ ಹೇಳ್ಕೊಳ್ಳಲಿ. ಮೊದಲು ಒಂದು ಹೇಳಿದ್ರು, ಈಗ ಒಂದು. ನಾಳೆ ಇನ್ನೊಂದು ಹೇಳ್ತಾರೆ. ನಾನು ಮಾತು ಬಿಟ್ಟೆ, ಅವನು ನೆಟ್ಟಗಾದ. ಆಮೇಲೆ ಒಂದು ಸಲಾನೂ ಆಸ್ಪತ್ರೆ ಸೇರಿಲ್ಲ. ಹೌದೋ ಅಲ್ವೋ?"

"ಅದು ಮಾತ್ರೆಯಿಂದ ಅಮ್ಮ."

"ಮಾತ್ರೆ ಬರೆದುಕೊಟ್ಟೋರು ಡಾಕ್ಟರು. ತಂದುಕೊಟ್ಟೋಳು ನೀನು. ನುಂಗಿದೋನು ಅವನು." ಅಮ್ಮ ಉಸಿರಿಗಾಗಿ ನಿಂತಳು. "ಹಾಗಾದ್ರೆ ನಾನೇನು ಕೊಟ್ಟೆ ಅವನಿಗೆ?"

ಎಲ್ಲ ತಾಯಂದಿರೂ ಮಕ್ಕಳಿಗೆ ಅನ್ನ ಕೊಡುತ್ತಾರೆ, ಮುದ್ದು ಕೊಡುತ್ತಾರೆ, ಬೈಗುಳ ಕೊಡುತ್ತಾರೆ. ಇವಳು ಕೊಟ್ಟದ್ದು ತನ್ನ ಮೌನ ಒಂದೇ. ಹಲ್ಲು ಕಚ್ಚಿ, ದಿನಾ ಕೊಟ್ಟಿದ್ದಳು. ಈಗ ಮಗಳು ಬಂದು ಅದು ಬೇಕೇ ಇರಲಿಲ್ಲ ಎನ್ನುತ್ತಿದ್ದಾಳೆ. ಬಿಡುಗಡೆ ತಂದೆ ಎಂದುಕೊಂಡಿದ್ದವಳು, ಅಮ್ಮನ ಬಳಿ ಇದ್ದ ಒಂದೇ ಒಂದನ್ನು ಕಿತ್ತುಕೊಳ್ಳಲು ಬಂದಂತಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಸರವಾಯಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲಿನ ವಿಚಾರ ಯಾರಿಗೆ ಬೇಕು?

"ಮಲಗು ಅಮ್ಮ, ಚಹಾ ಮಾಡ್ತೀನಿ" ಎಂದು ಎದ್ದಳು. ಬಾಗಿಲಿಗೆ ಬಂದಾಗ ಹೊರಗೆ ಮೆಷಿನ್ನು ತಿಕ್ಕುವ ಸದ್ದು ನಿಂತಿರುವುದು ಗೊತ್ತಾಯಿತು.

ಅಣ್ಣ ಎಣ್ಣೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಅವಳ ಕಡೆ ನೋಡದೆ ಹೇಳಿದ, "ಪುಟ್ಟಿ, ಅಮ್ಮನ್ನ ಕೇಳು. ಹಾಗಾದ್ರೆ ನಾನು ಹೊಡೆದಿರಲಿಲ್ವಾ ಅಂತ."

"ಯಾರನ್ನ?"

"ಅಮ್ಮನ್ನ."

"ಏನು ಹೇಳ್ತಿದೀಯ ಅಣ್ಣ?"

"ಆ ದಿನಗಳು ನಂಗೆ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯಿಂದ ಬಂದಾಗ ಅಮ್ಮ ಮಾತಾಡಿಸ್ಲಿಲ್ಲ. ನಾನು ಹತ್ತಿರ ಹೋದ್ರೆ ಪಕ್ಕಕ್ಕೆ ಸರೀತಿದ್ಲು. ಏನೋ ಮಾಡಬಾರದ್ದು ಮಾಡಿದೀನಿ, ಹೊಡೆದಿರಬೇಕು, ಅದಕ್ಕೇ ಹೆದರ್ಕೊಂಡಿದಾಳೆ ಅಂದ್ಕೊಂಡೆ."

"ಡಾಕ್ಟರು ನಿಂಗೆ ಹೇಳಿರಲಿಲ್ವಾ? ಮಾತಾಡಬಾರದು ಅಂತ ಅಮ್ಮನಿಗೆ ಹೇಳಿದೀನಿ ಅಂತ?"

"ಯಾರೂ ಏನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳಿದ್ರೆ ಹೌದು ಅಂದುಬಿಡ್ತೀರೇನೋ ಅಂತ."

ಡಾಕ್ಟರು ಹೇಳಿರುತ್ತಾರೆ ಎಂದು ಅಮ್ಮ ತಿಳಿದಿದ್ದಳು, ಅಮ್ಮ ಹೇಗಾದರೂ ತಿಳಿಸಿರುತ್ತಾಳೆ ಎಂದು ತಂಗಿ ತಿಳಿದಿದ್ದಳು. ಅಣ್ಣ ಅಡುಗೆಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅಮ್ಮ ಹಾಸಿಗೆ ಹಿಡಿದ ಮೇಲೂ ಒಳಗಿನ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ರೋಗಿಯು ತನ್ನವರ ಬಗ್ಗೆ ಉದಾಸೀನ ತೋರುತ್ತಾನೆ ಎಂದು ಪುಸ್ತಕದಲ್ಲಿತ್ತು, ಅವಳೇ ತಿದ್ದಿದ ವಾಕ್ಯ. ಅದು ಕಾಯಿಲೆ ಎಂದುಕೊಂಡಿದ್ದಳು. ಅವನು ಹತ್ತಿರ ಹೋಗದೆ ಇದ್ದದ್ದು ತನ್ನ ಕೈಗಳಿಗೆ ಹೆದರಿ.

ಒಳಗೆ ಮಂಚ ಕಿರುಗುಟ್ಟಿತು. "ಅವನಿಗೆ ಹೇಳು" ಎಂದು ಅಮ್ಮನ ದನಿ ಬಂತು. ತಂಗಿ ಅಭ್ಯಾಸಬಲದಿಂದ ಆ ಕಡೆ ತಿರುಗಿ ಕಾದಳು. ಮುಂದಿನ ಮಾತು ಬರಲಿಲ್ಲ. ಬದಲಿಗೆ ಅಮ್ಮನೇ ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು, ಶಾಲು ನೆಲದ ಮೇಲೆ ಎಳೆಯುತ್ತಾ ಬಂದಳು. ಏಳಲೇಬಾರದು ಎಂದು ಡಾಕ್ಟರು ಹೇಳಿದ್ದರು. ಡಾಕ್ಟರ ಮಾತನ್ನು ಆ ಹೆಂಗಸು ಮೀರಿದ್ದು ಅದೇ ಮೊದಲು.

"ಸರಿ ಆಚೆ" ಎಂದು ಮಗಳ ಭುಜ ತಳ್ಳಿ, ಬಾಗಿಲಲ್ಲಿ ನಿಂತಳು.

"ನೀನು ನನ್ನ ಹೊಡೀಲಿಲ್ಲ ಕಣೋ" ಎಂದಳು. "ನೀನು ಯಾರನ್ನೂ ಹೊಡೀಲಿಲ್ಲ. ಒಂದು ದಿನಾನೂ ಕೈ ಎತ್ತಿದೋನಲ್ಲ ನೀನು."

ಅಣ್ಣ ಎದ್ದು ನಿಂತಿದ್ದ. ಅವನ ಮಡಿಲಲ್ಲಿದ್ದ ತಿರುಪುಗಳೆಲ್ಲ ನೆಲಕ್ಕೆ ಬಿದ್ದು ಉರುಳಿದವು. ಅವನು ತಂಗಿಯ ಕಡೆ ನೋಡಿದ, ಅವಳು ಅದನ್ನು ಇನ್ನೊಮ್ಮೆ ಹೇಳಲಿ ಎಂಬಂತೆ. ಅವಳು ಹೇಳಲಿಲ್ಲ.

"ಹೌದಾ ಅಮ್ಮ?" ಎಂದು ಅವನೇ ಕೇಳಿದ.

"ಹೌದು."

"ನಿಜವಾಗ್ಲೂ?"

"ನಿನ್ನಾಣೆ."

ಅಮ್ಮನಿಗೆ ಉಸಿರು ಸಾಲದೆ ಕಾಲು ಕುಸಿಯಿತು. ಅಣ್ಣ ಮುಂದೆ ಬಂದು, ತನ್ನ ಎಣ್ಣೆ ಕೈಗಳನ್ನು ಒಮ್ಮೆ ನೋಡಿಕೊಂಡು, ಅವಳ ಎರಡೂ ತೋಳು ಹಿಡಿದ. ಅಮ್ಮ ಸರಿದು ಹೋಗಲಿಲ್ಲ. ಅವನು ಅವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತ.

"ನನ್ನ ಮೇಲೆ ಸಿಟ್ಟಿರಲಿಲ್ವಾ?" ಎಂದು ಕೇಳಿದ. ಅವನಿಗೆ ಐವತ್ತೆಂಟು ವರ್ಷ, ಕೇಳಿದ ದನಿ ಹತ್ತೊಂಬತ್ತರದು.

"ಇಲ್ಲ ಮಗಾ. ಯಾವತ್ತೂ ಇರಲಿಲ್ಲ."

ತಂಗಿ ಚಹಾದ ನೆಪದಲ್ಲಿ ಅಡುಗೆಮನೆಗೆ ಹೋಗಿ, ಒಲೆ ಹಚ್ಚದೆ ಅಲ್ಲೇ ಗೋಡೆಗೊರಗಿ ಕೂತಳು. ಅಳು ಬಂತು, ತಡೆಯಲಿಲ್ಲ. ಆ ಬಾಗಿಲಲ್ಲಿ ನಿಂತು ಎಷ್ಟು ಮಾತು ಹೊತ್ತಿರಲಿಲ್ಲ ಅವಳು. ಸಿಟ್ಟಿಲ್ಲ ಎಂಬ ಈ ಒಂದು ಮಾತನ್ನು ಯಾರಾದರೂ ಕೈಗಿತ್ತಿದ್ದರೆ ಆವತ್ತೇ ತಂದು ಅಣ್ಣನಿಗೆ ಕೊಡುತ್ತಿದ್ದಳು. ಯಾರೂ ಕೊಡಲಿಲ್ಲ, ಇವಳೂ ಕೇಳಲಿಲ್ಲ.